ಹಗುರ ಮನೆಯ ಕೊನೆಯ ಕಂತು

ಮಾನಸಾ ಅರಕಲಗೂಡಿನ ತವರಿನಿಂದ ಫೋನಿನಲ್ಲಿ ಹಾಕಿದ ಷರತ್ತು ಒಂದೇ ಒಂದು. ರೂಮು ಖಾಲಿಯಾದರೆ ಮಗುವನ್ನು ಎತ್ತಿಕೊಂಡು ಬರುತ್ತೇನೆ, ಇಲ್ಲದಿದ್ದರೆ ಬರುವುದಿಲ್ಲ.

ಸುದರ್ಶನ ಇದಕ್ಕೆ ಎದುರಾಡುವ ಹಾಗಿರಲಿಲ್ಲ. ಚನ್ನರಾಯಪಟ್ಟಣದ ಅವನ ಮನೆಯಲ್ಲಿ ಇದ್ದದ್ದೇ ಒಂದು ನಡುಮನೆ, ಒಂದು ಅಡುಗೆಮನೆ, ಒಂದು ರೂಮು. ಆ ರೂಮಿನಲ್ಲಿ, ಅದರ ಮೇಲಿನ ಅಟ್ಟದಲ್ಲಿ, ಅವನ ಅವ್ವ ಪುಟ್ಟತಾಯಮ್ಮ ತನ್ನ ಅತ್ತೆಯ ಕಾಲದಿಂದ ಬಂದ ಸಾಮಾನನ್ನೆಲ್ಲ ತುಂಬಿಟ್ಟಿದ್ದಳು. ಕೊಳಗ, ತಪ್ಪಲೆ, ಬಿಂದಿಗೆ, ಹಂಡೆ, ಶಾವಿಗೆ ಒರಳು, ಹಿಡಿ ಇಲ್ಲದ ಕೊಡೆ. ಗಂಡ ಹೆಂಡತಿ ಮಲಗಲು ಹೋಗಬೇಕಾದರೆ ಉಸಿರು ಬಿಗಿಹಿಡಿದು, ಮೈ ಅಡ್ಡ ಮಾಡಿಕೊಂಡು, ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರನ ಹಾಗೆ ನುಸುಳಬೇಕಿತ್ತು. ಬಸುರಿಯಾದ ಮೇಲೆ ಮಾನಸಾಳಿಗೆ ನುಸುಳುವುದೂ ಆಗಲಿಲ್ಲ. ಬೇಗನೇ ತವರಿಗೆ ಹೊರಟುಹೋದಳು. ಈಗ ಮಗು ಮಗುಚಿಕೊಳ್ಳುವಷ್ಟು ದೊಡ್ಡದಾಗಿತ್ತು. ಸುದರ್ಶನ ಅದನ್ನು ಹೆಚ್ಚಾಗಿ ಫೋನಿನಲ್ಲೇ ನೋಡಿದ್ದ.

ಕಳಿಸಿಕೊಡಲು ಒಳ್ಳೆಯ ದಿನ ಅಂತ ಉಳಿದದ್ದು ಸೋಮವಾರ. ಅದು ತಪ್ಪಿದರೆ ಆಷಾಢ. ಆಷಾಢದಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ಮಾತೇ ಇಲ್ಲ ಎಂದು ಮಾವ ಹೇಳಿಬಿಟ್ಟಿದ್ದರು.

ಅವ್ವನ ಹತ್ತಿರ ಮಾತಾಡಿ ಪ್ರಯೋಜನವಿರಲಿಲ್ಲ. ಅವನು ಒಂದು ಮುಚ್ಚಳ ಮುಟ್ಟಿದರೂ, "ಮಡುಗ್ಲಾ ಅಲ್ಲೇ, ನಾಳೆ ಬೇಕಾಯ್ತದೆ" ಅನ್ನುತ್ತಿದ್ದಳು. ಆ ನಾಳೆ ಅವಳ ಮದುವೆಯಾದಂದಿನಿಂದ ಬಂದಿರಲಿಲ್ಲ.

ಕಾಯಿ ಮಂಡಿಯಲ್ಲಿ ಕೆಲಸ ಮಾಡುವ ಸುದರ್ಶನ ಒಂದು ಮಧ್ಯಾಹ್ನ ಟೀವಿಯಲ್ಲಿ 'ಹಗುರ ಮನೆ' ಎಂಬ ಕಾರ್ಯಕ್ರಮ ನೋಡಿದ. ಯಾವುದೋ ಚಳಿ ದೇಶದಲ್ಲಿ ಹುಟ್ಟಿ, ಅಲ್ಲಿ ಜನ ಊಟ ಬಿಟ್ಟು ನೋಡಿದ ಕಾರ್ಯಕ್ರಮವಂತೆ ಅದು. ಮನೆಯ ಸಾಮಾನೆಲ್ಲ ಬೀದಿಗೆ ತರುತ್ತಾರೆ. ಒಂದೊಂದನ್ನೂ ಕೈಗೆ ಕೊಟ್ಟು, ಇದನ್ನು ಕೊನೆಯ ಸಲ ಬಳಸಿದ್ದು ಯಾವಾಗ ಎಂದು ಕೇಳುತ್ತಾರೆ. ಒಂದು ವರ್ಷದಿಂದ ಮುಟ್ಟಿಲ್ಲ ಅಂದರೆ ಅದು ಹಳದಿ ಲಾರಿಗೆ. ಸಂಜೆ ಹೊತ್ತಿಗೆ ಮನೆ ಖಾಲಿ. ಮನೆಯವರು ಅತ್ತು, ನಕ್ಕು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಾರೆ.

ಆ ದೇಶದಲ್ಲಿ ಹೀಗೆ ಗೆದ್ದದ್ದು ಕನ್ನಡಕ್ಕೆ ಬಂದು ಮೊದಲ ಎರಡು ಕಂತಿಗೇ ಮುಗ್ಗರಿಸಿತ್ತು. ಖಾಲಿ ಗೋಡೆಯನ್ನು ಯಾರು ನೋಡುತ್ತಾರೆ? ನೋಡಿದವರೂ ಚಾನೆಲ್ಲಿಗೆ ಫೋನು ಮಾಡಿ, ಬಿಸಾಕಿದ ಆ ಕುರ್ಚಿ ಈಗ ಎಲ್ಲಿದೆ, ನಮಗೆ ಸಿಗುತ್ತದೆಯೇ ಎಂದು ಕೇಳಿದರು. ಮೂರನೆಯದು ಬಿದ್ದರೆ ಮುಚ್ಚುವುದೇ ಎಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಸುದರ್ಶನ ತನ್ನ ಮನೆಯ ರೂಮಿನ ವಿಡಿಯೋ ತೆಗೆದು ಕಳಿಸಿದ. ಆ ರೂಮನ್ನು ನೋಡಿ ಚಾನೆಲ್ಲಿನವರಿಗೆ ಹೊಸ ಜೀವ ಬಂತು.

ಅವ್ವನಿಗೆ ಅವನು ಹೇಳಿದ್ದು ಇಷ್ಟೇ, ಟೀವಿಯವರು ನಿನ್ನ ಪಾತ್ರೆಗಳನ್ನು ತೆಗೆಯಲು ಬರುತ್ತಿದ್ದಾರೆ ಅಂತ. ತೆಗೆಯುವುದು ಅಂದರೆ ಕ್ಯಾಮೆರಾದಲ್ಲಿ ಎಂದು ಅವಳು ತಿಳಿದಳು. ರೇಷ್ಮೆ ಸೀರೆ ಉಟ್ಟು ಕಾದಳು.

ಸೋಮವಾರ ಬೆಳಿಗ್ಗೆ ಹಳದಿ ಲಾರಿ ಬಂತು. ಹಿಂದೆಯೇ ನಿರೂಪಕಿ ಶೋಭಿತಾ ಕಾರಿನಿಂದ ಇಳಿದಳು. ಅವಳ ಹುಡುಗರು ಸಾಮಾನನ್ನೆಲ್ಲ ಬೀದಿಯಲ್ಲಿ ಹರಡಿದರು. ಇಷ್ಟೆಲ್ಲ ಒಳಗೆ ಹೇಗೆ ಹಿಡಿದಿತ್ತು ಎಂದು ಸುದರ್ಶನನೇ ಬೆರಗಾದ. ಬೀದಿಯ ಜನ ಕಾಫಿ ಲೋಟದ ಸಮೇತ ಬಂದು ಸುತ್ತ ನಿಂತರು.

ಶೋಭಿತಾ ಒಂದು ಸ್ಟೀಲ್ ಬಿಂದಿಗೆಯನ್ನು ಪುಟ್ಟತಾಯಮ್ಮನ ಕೈಗೆ ಕೊಟ್ಟು, ಇದನ್ನು ಕೊನೆಯ ಸಲ ಬಳಸಿದ್ದು ಯಾವಾಗ ಅಮ್ಮ ಎಂದು ಮೈಕು ಹಿಡಿದಳು.

"ಬಳಸದಾ? ಕವರೇ ಬಿಚ್ಚಿಲ್ಲ ಕಣವ್ವ. ಅಷ್ಟು ಜ್ವಾಪಾನವಾಗಿ ಮಡಗಿವ್ನಿ" ಎಂದಳು ಪುಟ್ಟತಾಯಮ್ಮ ಹೆಮ್ಮೆಯಿಂದ.

"ಹಾಗಾದರೆ ಲಾರಿಗೆ" ಎಂದಳು ಶೋಭಿತಾ.

ಪುಟ್ಟತಾಯಮ್ಮನಿಗೆ ವಿಷಯ ಅರ್ಥವಾಗುವ ಮೊದಲೇ ಪಕ್ಕದ ಮನೆಯ ದೊಡ್ಡತಾಯಮ್ಮ ಕಣ್ಣು ಕಿರಿದು ಮಾಡಿ ಮುಂದೆ ಬಂದಳು. ಆ ಊರಿನಲ್ಲಿ ಯಾರೂ ಮದುವೆಗೆ ಪಾತ್ರೆಯನ್ನು ಸುಮ್ಮನೆ ಕೊಡುವುದಿಲ್ಲ. ಕೊಟ್ಟ ಮುಯ್ಯಿ ನೆನಪಿರಲಿ ಅಂತ ಅಂಗಡಿಯಲ್ಲೇ ಹೆಸರು ಕೊರೆಸಿ ಕೊಡುತ್ತಾರೆ. ಬಿಂದಿಗೆಯ ಕುತ್ತಿಗೆಯ ಮೇಲೆ ದೊಡ್ಡತಾಯಮ್ಮನ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು.

"ಏನ್ಲಾ ಸುದರ್ಸನ, ನಿನ್ ಮದ್ವೆಗೆ ನಾ ಕೊಟ್ಟ ಮುಯ್ಯಿ ಕಸದ ಲಾರಿಗ್ ಓಯ್ತದಾ?"

ಕಸದ ಲಾರಿ ಅಲ್ಲ ಅತ್ತೆ, ಟೀವಿ ಲಾರಿ ಎಂದು ಸುದರ್ಶನ ಸಮಜಾಯಿಷಿ ಕೊಡಲು ಹೋದ. ಅವಳು ಕೇಳಲಿಲ್ಲ. ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ಉಳಿದದ್ದನ್ನು ತಿರುವಿಹಾಕಲು ಶುರು ಮಾಡಿದಳು. ಒಂದು ಹಿತ್ತಾಳೆ ಕೊಳಗ ಕೈಗೆ ಬಂತು. ಅದರ ಒಂದು ಪಕ್ಕದಲ್ಲಿ ನಿವೃತ್ತ ಮೇಷ್ಟ್ರು ಪಂಚಾಕ್ಷರಯ್ಯನವರ ಹೆಸರಿತ್ತು. ತಿರುಗಿಸಿದಳು. ಇನ್ನೊಂದು ಪಕ್ಕದಲ್ಲಿ ಮತ್ತೆ ಅವಳದೇ ಹೆಸರು.

ಜನ ತಿರುಗಿ ಮೇಷ್ಟ್ರನ್ನು ನೋಡಿದರು. ಪಂಚಾಕ್ಷರಯ್ಯನವರು ಅಲ್ಲೇ ಇದ್ದರು. ಮೆಲ್ಲಗೆ ಹಿಂದೆ ಸರಿಯಲು ನೋಡಿದರು. ಹಿಂದೆ ಲಾರಿ ನಿಂತಿತ್ತು.

"ಮೇಷ್ಟ್ರೇ, ನಿಮ್ಮನೆ ಗೃಹಪ್ರವೇಶಕ್ಕೆ ನಾ ಕೊಟ್ಟ ಕೊಳಗ, ಇಲ್ಲಿಗೆ ನಡ್ಕಂಡ್ ಬಂತಾ?" ಎಂದಳು ದೊಡ್ಡತಾಯಮ್ಮ.

"ಮನೇಲಿ ಹೆಂಗಸರು ಕೊಟ್ಟಿರಬೇಕು ಕಣಮ್ಮ. ನನಗೆ ಪಾತ್ರೆ ವಿಷಯ ತಿಳಿಯೋದಿಲ್ಲ" ಎಂದು ಮೇಷ್ಟ್ರು ನೆಲ ನೋಡಿದರು.

ಅಲ್ಲಿಂದ ಮುಂದೆ ಯಾರೂ ಶೋಭಿತಾಳ ಮಾತು ಕೇಳಲಿಲ್ಲ. ಇಡೀ ಬೀದಿ ರಾಶಿಯ ಮೇಲೆ ಬಗ್ಗಿ ತಮ್ಮ ತಮ್ಮ ಹೆಸರು ಹುಡುಕತೊಡಗಿತು. ಮಾರುಕಟ್ಟೆಯಲ್ಲಿ ಕೊಬ್ಬರಿ ಆರಿಸುವವರೂ ಅಷ್ಟು ಜಾಗರೂಕತೆಯಿಂದ ಆರಿಸುವುದಿಲ್ಲ. ಎದುರು ಮನೆಯ ಕೆಂಪಣ್ಣನಿಗೆ ತಾನು ಸುದರ್ಶನನ ಅಪ್ಪನಿಗೆ ಎರವಲು ಕೊಟ್ಟು ಮರೆತಿದ್ದ ಹಂಡೆ ಸಿಕ್ಕಿತು. ಸಿಕ್ಕಿದ ಸಂತೋಷಕ್ಕಿಂತ ಇಷ್ಟು ವರ್ಷ ತಣ್ಣೀರಲ್ಲಿ ಸ್ನಾನ ಮಾಡಿದ ಸಿಟ್ಟೇ ಅವನಿಗೆ ಜೋರಾಗಿತ್ತು.

ಪುಟ್ಟತಾಯಮ್ಮ ಅಷ್ಟು ಹೊತ್ತಿಗೆ ಚೇತರಿಸಿಕೊಂಡಿದ್ದಳು. ಸೆರಗು ಸಿಕ್ಕಿಸಿ, ಹಾಗಿದ್ದರೆ ಎಲ್ಲರ ಮನೆಯಲ್ಲೂ ತನ್ನ ಹೆಸರಿನ ಪಾತ್ರೆಗಳಿವೆ, ಅವೂ ಈಗಲೇ ಬೀದಿಗೆ ಬರಲಿ ಎಂದು ಒಂದೊಂದೇ ಮನೆಯ ಕಡೆ ಬೆರಳು ತೋರಿಸಿದಳು. ಕೆಂಪಣ್ಣನ ಮನೆಯಿಂದ ಇಡ್ಲಿ ಪಾತ್ರೆ ಆಗಲೇ ಹೊರಟಿತ್ತು. ಖಾಲಿ ಮಾಡಲು ಹೊರಟ ಮನೆಗೆ ಹೊಸದಾಗಿ ಸಾಮಾನು ಬರುತ್ತಿರುವುದನ್ನು ಕಂಡು ಸುದರ್ಶನ ತಲೆಯ ಮೇಲೆ ಕೈ ಹೊತ್ತ.

ಈ ಗದ್ದಲದಲ್ಲಿ ಮಧ್ಯಾಹ್ನ ದಾಟಿತ್ತು, ಆಗಲೇ ಫೋನು ಬಡಿದುಕೊಂಡಿತು. ಮಾನಸಾ. ಹೊಳೆನರಸೀಪುರಕ್ಕೆ ಬಂದಿದ್ದರಂತೆ. ಅಪ್ಪ ಕಾರು ನಿಲ್ಲಿಸಿ ಕಾಫಿ ಕುಡಿಯುತ್ತಿದ್ದಾರೆ.

"ಖಾಲಿ ಆಯ್ತೇನ್ರೀ? ಸುಳ್ಳು ಹೇಳ್ಬೇಡಿ, ವಿಡಿಯೋ ಕಳ್ಸಿ. ಇಲ್ದಿದ್ರೆ ಕಾರು ಇಲ್ಲಿಂದ್ಲೇ ವಾಪಸ್ ತಿರುಗುತ್ತೆ."

ಹಿಂದಿನಿಂದ ಮಗು ಏನೋ ಕೂಗಿತು. ಆ ಕೂಗು ಕೇಳಿ ಸುದರ್ಶನನಿಗೆ ಎಲ್ಲಿಂದಲೋ ಧೈರ್ಯ ಬಂತು. ಫೋನಿಟ್ಟು, ಜೀವಮಾನದಲ್ಲಿ ಮೊದಲ ಸಲ ಬೀದಿಗೆಲ್ಲ ಕೇಳುವ ಹಾಗೆ ಮಾತಾಡಿದ. ಯಾರ ಹೆಸರಿದೆಯೋ ಅದು ಅವರದು, ದಯವಿಟ್ಟು ತೆಗೆದುಕೊಂಡು ಹೋಗಿ, ಹೆಸರಿಲ್ಲದ್ದು ಬೇಕೆಂದವರಿಗೆ, ನಮ್ಮ ಹೆಸರಿನದು ನಿಮ್ಮ ಮನೆಯಲ್ಲೇ ಇರಲಿ. ಆಮೇಲೆ ಅವ್ವನ ಎದುರು ಕೈಮುಗಿದು, "ಅವ್ವ, ಮಗೀನ್ ಮಕ ನೋಡ್ಬೇಕು ಕಣವ್ವ. ಇದೊಂದ್ ಸಲ ಸುಮ್ಕಿರು" ಎಂದ.

ಪುಟ್ಟತಾಯಮ್ಮ ಜಗಲಿಯ ಮೇಲೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ನೋಡನೋಡುತ್ತ ಬೀದಿ ಬರಿದಾಯಿತು. ಎಲ್ಲರೂ ಸಿಟ್ಟಿನಿಂದಲೇ ಹೊತ್ತುಕೊಂಡು ಹೋದರು. ಇನ್ನು ನಿನ್ನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ದೊಡ್ಡತಾಯಮ್ಮ ಎರಡು ಸೊಂಟಕ್ಕೂ ಪಾತ್ರೆ ಏರಿಸಿಕೊಂಡು ಹೇಳಿದಳು. ಹಳದಿ ಲಾರಿಗೆ ಒಂದು ಚಮಚವೂ ಸಿಗಲಿಲ್ಲ. ಸುದರ್ಶನ ಖಾಲಿ ರೂಮಿನ ವಿಡಿಯೋ ತೆಗೆದು ಮಾನಸಾಳಿಗೆ ಕಳಿಸಿದ.

ಶೋಭಿತಾ ಫೋನು ಹಿಡಿದು ಬಹಳ ಹೊತ್ತು ಕಾರಿನ ಹಿಂದೆ ನಿಂತಿದ್ದಳು. ಬಂದು ಜಗಲಿಯ ಮೇಲೆ ಪುಟ್ಟತಾಯಮ್ಮನ ಪಕ್ಕದಲ್ಲಿ ಕೂತು, ಮೈಕು ಬಿಚ್ಚಿಟ್ಟಳು. ಚಾನೆಲ್ಲಿನವರು ಇಲ್ಲಿಗೆ ನಿಲ್ಲಿಸಲು ಹೇಳಿದರಂತೆ. ಪ್ರಸಾರವೂ ಇಲ್ಲ, ಮುಂದಿನ ಕಂತೂ ಇಲ್ಲ. ಹೇಳುವಾಗ ಅವಳ ಮುಖ ಪರೀಕ್ಷೆ ಮುಗಿದವರ ಮುಖದಂತೆ ಹಗುರವಾಗಿತ್ತು.

"ಆ ದೇಸದಾಗೆ ಎಂಗ್ ಬಿಸಾಕ್ತಾರವ್ವ ಜನ?" ಎಂದು ಪುಟ್ಟತಾಯಮ್ಮ ಗೋಡೆ ಕಡೆಯಿಂದಲೇ ಕೇಳಿದಳು.

"ಅಲ್ಲಿ ಪಾತ್ರೆ ಮೇಲೆ ಕಂಪನಿ ಹೆಸರು ಮಾತ್ರ ಇರುತ್ತಮ್ಮ" ಎಂದಳು ಶೋಭಿತಾ.

ಪುಟ್ಟತಾಯಮ್ಮ ಅಯ್ಯೋ ಪಾಪ ಎಂದು ಎದ್ದು ಹೋಗಿ ಅವಳಿಗೆ ಕಾಫಿ ಮಾಡಿಕೊಟ್ಟಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ಆರತಿ ಎತ್ತಿಸಿಕೊಂಡ ಮಾನಸಾ ನೆಟ್ಟಗೆ ರೂಮಿಗೆ ಹೋದಳು. ಒಂದು ಸುತ್ತು ತಿರುಗಿದಳು. ಎರಡು ಕೈ ಚಾಚಿದರೂ ಏನೂ ತಾಗಲಿಲ್ಲ. ಗಂಡನ ಕಡೆ ನೋಡಿ ನಕ್ಕಳು. ಮಗುವನ್ನು ಅವನ ಕೈಗೆ ಕೊಟ್ಟಳು. ಅದು ಅವನ ಮೂಗು ಹಿಡಿದು ಎಳೆಯಿತು. ಬೀದಿಯವರೆಲ್ಲ ಮಾತು ಬಿಟ್ಟರೂ ಚಿಂತೆಯಿಲ್ಲ, ಇಷ್ಟು ಸಾಕು ಎಂದುಕೊಂಡ ಸುದರ್ಶನ.

ಹೊರಗೆ ಯಾರೋ ಕೆಮ್ಮಿದರು. ದೊಡ್ಡತಾಯಮ್ಮ. ಕವರು ಬಿಚ್ಚಿ ತೊಳೆದ ಬಿಂದಿಗೆಯಲ್ಲಿ ಅಕ್ಕಿ, ಬೆಲ್ಲ, ಮೇಲೊಂದು ತೆಂಗಿನಕಾಯಿ ಇಟ್ಟುಕೊಂಡು ಹೊಸಿಲ ಮೇಲೆ ನಿಂತಿದ್ದಳು. ಬೆಳಗಿನ ಸಿಟ್ಟಿನ ಗುರುತು ಮುಖದಲ್ಲಿ ಎಲ್ಲೂ ಇರಲಿಲ್ಲ.

"ಮಗೀನ್ ನೋಡಕ್ಕೆ ಬರಿಗೈಲಿ ಬರಕ್ಕಾಯ್ತದಾ? ತಗಳವ್ವ ಮಾನಸಾ. ಇದು ನಿನ್ ಮಗೀಗೆ."

ಅವಳ ಹಿಂದೆ ಪಂಚಾಕ್ಷರಯ್ಯನವರು, ಕೈಯಲ್ಲಿ ತಪ್ಪಲೆ. ಅವರ ಹಿಂದೆ ಕೆಂಪಣ್ಣ ಮತ್ತು ಅವನ ಹೆಂಡತಿ, ನಡುವೆ ಹಂಡೆ. ಅವರ ಹಿಂದೆ ಬೀದಿಯೇ ಸಾಲಾಗಿ ನಿಂತಿತ್ತು, ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಹಾಗೆ. ಎಲ್ಲರೂ ಮಗುವಿನ ಗಲ್ಲ ಮುಟ್ಟಿದರು, ದೃಷ್ಟಿ ತೆಗೆದರು, ಪಾತ್ರೆ ಇಟ್ಟರು. ಪುಟ್ಟತಾಯಮ್ಮ ಅಡುಗೆಮನೆಯಿಂದ ಬಂದವಳು ಎಲ್ಲರನ್ನೂ ಕೂರಿಸಿ ಕುಂಕುಮ ಕೊಟ್ಟಳು. ಅವಳ ಮುಖ ಮದುವೆಮನೆಯಂತೆ ಬೆಳಗುತ್ತಿತ್ತು.

ಬಂದವರು ಹೋದ ಮೇಲೆ ಸುದರ್ಶನ ಹೆಂಡತಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಚಿಂತೆ ಮಾಡಬೇಡ, ಬೆಳಿಗ್ಗೆ ಎದ್ದವನೇ ಎಲ್ಲ ಸಾಗಿಸಿಬಿಡುತ್ತೇನೆ ಎಂದ.

ಮಾನಸಾ ತಪ್ಪಲೆಯನ್ನು ಮಡಿಲಿನಲ್ಲಿಟ್ಟುಕೊಂಡು ಒರೆಸುತ್ತಿದ್ದಳು. ತಲೆಯೆತ್ತಿದಳು.

"ನನ್ ಮಗೀಗೆ ಕೊಟ್ಟಿದ್ದನ್ನ? ಒಂದು ಲೋಟ ಆಚೆ ಹೋಗ್ಲಿ, ನಾನೂ ಮಗೂನೂ ಅರಕಲಗೂಡಿಗೆ ಹೊರಟ್ವಿ ಅಂತ ತಿಳ್ಕೊಳಿ."

ತೊಟ್ಟಿಲು ಎಲ್ಲಿ ಇಡುವುದು ಎಂದು ಅವನು ಕೇಳಿದ. ನಡುಮನೆಯ ತೊಲೆಗೆ ಕಟ್ಟಿದರಾಯಿತು ಎಂದಳು, ಅಷ್ಟೂ ಹೊಳೆಯದೆ ಇದ್ದದ್ದಕ್ಕೆ ಅವನನ್ನೇ ಬೈಯುವವಳ ಹಾಗೆ. ನಾಳೆ ಮಗಳ ಮದುವೆಗೆ ಬೇಕಾಗುತ್ತದೆ ಎಂದೂ ಸೇರಿಸಿದಳು. ಪುಟ್ಟತಾಯಮ್ಮ ಆ ಮಾತು ಕೇಳಿ ಸೊಸೆಯ ಕೈ ಹಿಡಿದುಕೊಂಡಳು. ಮದುವೆಯಾಗಿ ಬಂದಂದಿನಿಂದ ಅತ್ತೆ ಸೊಸೆ ಹಾಗೆ ಒಂದಾಗಿದ್ದನ್ನು ಸುದರ್ಶನ ನೋಡಿರಲಿಲ್ಲ.

ಅವನನ್ನು ಅಟ್ಟಕ್ಕೆ ಹತ್ತಿಸಿದರು. ಸೊಸೆ ಎತ್ತಿಕೊಟ್ಟಳು, ಅತ್ತೆ ಮಣೆಯ ಮೇಲೆ ನಿಂತು ಮುಂದಕ್ಕೆ ದಾಟಿಸಿದಳು, ಅವನು ತೆಗೆದುಕೊಂಡು ಜೋಡಿಸಿದ. ಕೆಳಗೆ ಇಬ್ಬರೂ ನಗುತ್ತ, ಮಾತಾಡುತ್ತ, ನಡುವೆ ಮಗುವನ್ನು ಆಡಿಸುತ್ತ ಎಷ್ಟು ಬೇಗ ಕೊಟ್ಟರೆಂದರೆ, ಕೊನೆಯ ಹಂಡೆ ಮೇಲೆ ಬಂದಾಗ ಅವನು ಅಟ್ಟದ ಮೂಲೆಯಲ್ಲಿದ್ದ, ಅವನ ಮುಂದೆ ಸೂರಿನವರೆಗೂ ಪಾತ್ರೆಗಳಿದ್ದವು.

"ಊಟಕ್ಕೆ ಇಳೀರಿ" ಎಂದಳು ಮಾನಸಾ.

ಇಳಿಯಬೇಕಾದರೆ ಒಂದಿಷ್ಟು ಕೆಳಗಿಡಬೇಕು ಎಂದು ಅವನು ಪಾತ್ರೆಗಳ ಸಂದಿನಿಂದ ಹೇಳಿದ.

ಕೆಳಗೆ ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು.

"ಬ್ಯಾಡ ಇರು, ಈಗ್ತಾನೆ ನೀಟಾಗ್ ಜೋಡ್ಸಿದ್ದೀಯ" ಎಂದಳು ಪುಟ್ಟತಾಯಮ್ಮ. "ತಟ್ಟೆ ಅಲ್ಲಿಗೇ ಕೊಡ್ತೀವಿ."