ಏಕಾದಶಿಗೂ ಜಗ್ಗದ ಕೋಶಗಳಿಗೆ

ನನ್ನ ಎಡಸ್ತನದಲ್ಲಿ ಬಾಡಿಗೆ ಕರಾರಿಲ್ಲದೆ ಸಂಸಾರ ಹೂಡಿರುವ ಮಾನ್ಯ ಕ್ಯಾನ್ಸರ್ ಕೋಶಗಳಿಗೆ, ಹೊಳೆನರಸೀಪುರದ ನಿವೃತ್ತ ವಿಜ್ಞಾನ ಶಿಕ್ಷಕಿ ಹಂಸ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ಹೋದ ವಾರದ ಸ್ಕ್ಯಾನಿಂಗ್‌ನಿಂದ ತಿಳಿದು ಹೊಟ್ಟೆ ಉರಿಯಿತು.

ಗಂಜಲ ನಿಂತ ಕೊಟ್ಟಿಗೆಗೆ ಕಾಲಿಟ್ಟರೆ ಕಣ್ಣುರಿಸುವ ಅಮೋನಿಯಾ ತಮ್ಮ ಮನೆಯಲ್ಲೂ ಹುಟ್ಟುತ್ತದಂತೆ. ಮಾನವಂತ ಕೋಶಗಳು ಅದನ್ನು ಹೊರಗೆ ಚೆಲ್ಲಿ ಕೈತೊಳೆದುಕೊಂಡರೆ, ತಾವು ಆ ವಿಷವನ್ನೇ ಮತ್ತೆ ಒಲೆಗೇರಿಸಿ, ಅಮೈನೋ ಆಮ್ಲ ಮಾಡಿಕೊಂಡು, ತಿಂದು ಬೆಳೆಯುತ್ತೀರಂತೆ. ಶಹಭಾಸ್! ನಮ್ಮತ್ತೆ ಬದುಕಿದ್ದರೆ ತಮ್ಮನ್ನೇ ಸೊಸೆ ಮಾಡಿಕೊಳ್ಳುತ್ತಿದ್ದರು; ಮಿಕ್ಕ ಸಾರನ್ನು ಚೆಲ್ಲುತ್ತೇನೆಂದು ನನ್ನ ಮೇಲೆ ಅವರಿಗೆ ಕೊನೆಯವರೆಗೂ ಸಿಟ್ಟಿತ್ತು.

ಇದಾವುದೂ ತಿಳಿಯದೆ, “ಹಸಿವಿಗೆ ಹಾಕಿದ್ರೆ ಗಡ್ಡೆ ತಾನಾಗೇ ಒಣಗತ್ತೆ ಅತ್ತಿಗೆ” ಎಂದ ನಾದಿನಿ ವಸಂತಳ ಮಾತು ನಂಬಿ, ನಾನು ಏಕಾದಶಿ ಹಿಡಿದೆ. ದ್ವಾದಶಿ ಬಂದರೂ ಪಾರಣೆ ಮಾಡದೆ, ಒಂದು ಏಕಾದಶಿಯ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕಿದೆ. ತಾವು ಮಾತ್ರ ಗುಂಡುಗುಂಡಗಿದ್ದಿರಿ. ನನ್ನ ಬಳೆಗಳು ಮೊಣಕೈವರೆಗೆ ಜಾರಿದವು. ಹಾಸನದ ಡಾಕ್ಟರ್ ಮೇಘಶ್ರೀ ನನ್ನನ್ನು ತಕ್ಕಡಿಯಿಂದ ಇಳಿಸಿ, “ನೀವ್ ಉಪವಾಸ ಬಿದ್ರೆ ಅವು ನಿಮ್ಮನ್ನೇ ತಿನ್ಕೊಂಡು ಇರ್ತವೆ ಕಣ್ರೀ ಟೀಚರೇ. ತೂಕ ಬರೋವರ್ಗೂ ಕೀಮೋ ಇಲ್ಲ” ಎಂದು ವಾಪಸು ಕಳಿಸಿದರು. ಆ ದಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ನನಗಿನ್ನೂ ಬದುಕುವ ಆಸೆ ಇದೆ ಮಾನ್ಯರೇ, ನಾಚಿಕೆಯಿಲ್ಲದಷ್ಟು ಆಸೆ.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಇಷ್ಟು ಮಡಿವಂತರ ಮನೆಯಲ್ಲಿದ್ದೂ ತಾವು ತಿಂಗಳಿಗೊಂದಾದರೂ ಏಕಾದಶಿ ಮಾಡದಿರುವುದು ಶೋಭೆಯಲ್ಲ, ದಯವಿಟ್ಟು ಯೋಚಿಸಿ. ತಮ್ಮ ಮನೆಯ ಕಸವನ್ನು ತಾವೇ ಉಣ್ಣದೆ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಪುರಸಭೆಯ ಗಾಡಿಗೆ ಕೊಡಿ. ಇದಾವುದೂ ಆಗದಿದ್ದರೆ ಸಕುಟುಂಬ ಸಪರಿವಾರರಾಗಿ ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಹೊರಟುಬಿಡಿ. ಅಲ್ಲಿಯ ಯಾರ ಮೈಯೊಳಗೂ ಇಳಿಯದೆ ಬಸ್‌ಸ್ಟ್ಯಾಂಡಿನಲ್ಲೇ ಇರಿ. ನನ್ನೊಳಗೆ ಹುಟ್ಟಿದವರಾದ್ದರಿಂದ ತಾವೂ ಹೆಂಗಸರೇ, ಟಿಕೆಟ್ಟಿನ ತಾಪತ್ರಯವಿಲ್ಲ.

ಇಂತಿ, ತಮ್ಮ ವಿಶ್ವಾಸಿಯಾಗಲು ಖಂಡಿತ ಒಲ್ಲದ,
ಹಂಸ ಗಿರಿಧರ

ಮರೆತ ಮಾತು: ಇವತ್ತು ಏಕಾದಶಿ. ಯಜಮಾನರು ಉಪವಾಸವಿದ್ದುಕೊಂಡೇ ನನಗೆ ಅವರೆಕಾಳು ಉಪ್ಪಿಟ್ಟು ಮಾಡಿದ್ದಾರೆ. ರುಚಿ ನೋಡುವ ಹಾಗಿಲ್ಲವಾದ್ದರಿಂದ ಉಪ್ಪು ಬಿದ್ದಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ. ತೂಕ ಬಂದಿದೆ, ಮಂಗಳವಾರ ಕೀಮೋ. ಅದನ್ನೂ ಒಲೆಗೇರಿಸೀರಿ, ಜೋಕೆ.