ಅತ್ತೆ, ಮಾವ ಮತ್ತು ನೀಲಿ ವೈರು

ಗ್ರಂಥಪಾಲಕನಿಗೆ ಮಗಳನ್ನು ಕೊಡುವ ಮುನ್ನ ನನ್ನ ಮಾವನವರು ಇನ್ನೊಮ್ಮೆ ಯೋಚಿಸಬೇಕಿತ್ತು. ಚೀಟಿ ಇಲ್ಲದ ವಸ್ತುವನ್ನು ನಾನು ನಂಬುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದಿದೆ, ಅದರ ಮುಚ್ಚಳದ ಮೇಲೆ ‘ಉಪ್ಪಿನ ಮುಚ್ಚಳ’ ಎಂದಿದೆ. (ಮುಚ್ಚಳಗಳು ಅದಲುಬದಲಾಗುವುದರಿಂದಲೇ ಸಂಸಾರಗಳು ಕೆಡುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.) ಕೊನೆಗೆ ಈ ಶಿಸ್ತೇ ನನ್ನ ಮಾನ ಕಳೆಯಿತು. ಹೇಗೆಂದು ಹೇಳುತ್ತೇನೆ, ದಯವಿಟ್ಟು ನಗಬೇಡಿ.

ಅತ್ತೆ ಮಾವ ನಮ್ಮ ಜೊತೆಗೇ ಇದ್ದಾರೆ. ಮಾವನವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಅವರನ್ನು ಆಸ್ಪತ್ರೆಗೆ ಬಿಟ್ಟು ನಾನು ಲೈಬ್ರರಿಗೆ ಓಡುತ್ತೇನೆ. ಹನ್ನೊಂದೂವರೆಗೆ ಅವರದು ಮುಗಿಯುತ್ತದೆ, ನನಗೆ ಬಿಡುವಾಗುವುದು ಒಂದೂವರೆಗೆ. ಆ ಎರಡು ಗಂಟೆ ಅವರು ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂತಿರುತ್ತಾರೆ. ಒಂದು ದಿನವೂ ದೂರಿದವರಲ್ಲ.

ದೂರುವವಳು ಅವರ ಮಗಳು.

“ಕಾರು ನನಗೆ ಕೊಡಿ. ನಂಗೂ ಲೈಸೆನ್ಸ್ ಇದೆ. ಅಪ್ಪನ್ನ ನಾನೇ ಕರ್ಕೊಂಡು ಹೋಗಿ, ಹೊತ್ತಿಗೆ ಸರಿಯಾಗಿ ಕರ್ಕೊಂಡು ಬರ್ತೀನಿ.”

“ಹೋದ ತಿಂಗಳು ಕ್ಲಚ್ ಸುಟ್ಟುಹೋಗಿದ್ದು ಮರೆತ್ಯಾ?”

“ಸುಟ್ಟಿದ್ದು ನಾನಾ?”

“ನಾನಂತೂ ಅಲ್ಲ.”

“ಅದಕ್ಕೆ ಸಾಕ್ಷಿ ಏನಿದೆ ರೀ?”

ಸಾಕ್ಷಿ! ಮರುದಿನವೇ ನಾನು ಕಾರಿಗೆ ದೊಡ್ಡ ಪರದೆಯ ಹೊಸ ಸ್ಟೀರಿಯೋ ಸೆಟ್ಟು ತಂದೆ. ಜೊತೆಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಡಬ್ಬಿಯೊಂದನ್ನು ತಂದೆ. ಅದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಇಂಜಿನ್ನಿನ ನಾಡಿ ಹಿಡಿದು, ಯಾರು ದಡಕ್ಕನೆ ಬ್ರೇಕ್ ಒತ್ತಿದರು, ಯಾರು ಸುಮ್ಮಸುಮ್ಮನೆ ಇಂಜಿನ್ ಒದರಿಸಿದರು ಎಂದು ಪರದೆಗೆ ಚಾಡಿ ಹೇಳುತ್ತದೆ. ನೂರಕ್ಕೆ ಇಷ್ಟು ಎಂದು ಅಂಕವನ್ನೂ ಕೊಡುತ್ತದೆ.

“ಒಂದು ವಾರ ಪರೀಕ್ಷೆ,” ಎಂದು ಘೋಷಿಸಿದೆ. “ಒಂದು ದಿನ ನಾನು, ಒಂದು ದಿನ ನೀನು. ಸೋಮವಾರ ಬೆಳಿಗ್ಗೆ ಫಲಿತಾಂಶ. ಜಾಸ್ತಿ ಅಂಕ ಬಂದೋರ ಕೈಗೆ ಕೀ.”

“ಆಯ್ತು. ಆದ್ರೆ ಸೆಟ್ಟು ಕೂರ್ಸೋಕೆ ಮೆಕ್ಯಾನಿಕ್‌ನ ಕರೀರಿ.”

“ನಲವತ್ತು ಸಾವಿರ ಪುಸ್ತಕ ಜೋಡಿಸಿದವನಿಗೆ ನಾಲ್ಕು ವೈರು ಜೋಡಿಸೋಕೆ ಬರಲ್ವಾ?”

ಹಳೆಯ ರೇಡಿಯೋ ಕಿತ್ತೆ. ಹೊಸ ಸೆಟ್ಟಿನ ಬೆನ್ನಿನಿಂದ ವೈರುಗಳು ಜೋತುಬಿದ್ದವು. ನನಗೆ ಬಣ್ಣ ತಲೆಯಲ್ಲಿ ನಿಲ್ಲುವುದಿಲ್ಲ, ಗುಣ ನಿಲ್ಲುತ್ತದೆ. ಆದ್ದರಿಂದ ಸೆಟ್ಟಿನ ಜೊತೆ ಬಂದ ಪುಸ್ತಕ ನೋಡಿ ಗುಣಾನುಸಾರ ಚೀಟಿ ಕಟ್ಟಿದೆ. ಹಗಲೂ ರಾತ್ರಿ ಕರೆಂಟು ತುಂಬಿರುವ, ಎಂದೂ ಮಲಗದ ಹಳದಿ ವೈರಿಗೆ ‘ಅತ್ತೆ’. ಕೀ ತಿರುಗಿಸಿ ಎಬ್ಬಿಸಿದರಷ್ಟೇ ಏಳುವ ಕೆಂಪು ವೈರಿಗೆ ‘ಮಾವ’. ಯಾರ ಹೊರೆಯಿದ್ದರೂ ಕೊನೆಗೆ ಹೋಗಿ ಸೇರುವ ಕಪ್ಪು ಅರ್ಥಿಂಗ್ ವೈರಿಗೆ ‘ಹೆಂಡತಿ’. ನೀಲಿ ವೈರೊಂದು ಮಿಕ್ಕಿತು. ಅದರ ಕೆಲಸವೇನೆಂದು ತಿಳಿಯದೆ ಚೀಟಿಯಿಲ್ಲದೆ ಬಿಟ್ಟೆ.

ಕಾರಿನ ಕಡೆಯ ವೈರುಗಳಲ್ಲಿ ಮಾವನವರಿಗೆ ಜೋಡಿ ಯಾವುದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಅತ್ತೆಯವರಿಗೇ ಸೇರಿಸಿ ಸುತ್ತಿಬಿಟ್ಟೆ. ಐವತ್ತು ವರ್ಷ ಒಟ್ಟಿಗೆ ಬಾಳಿದವರು, ಇಲ್ಲೂ ಒಟ್ಟಿಗಿರಲಿ ಎಂದುಕೊಂಡೆ. ಪರದೆ ಬೆಳಗಿತು. ಕೀ ತೆಗೆದರೂ ಬೆಳಗುತ್ತಲೇ ಇತ್ತು.

“ರೀ, ಇದು ಆರೋದೇ ಇಲ್ವಲ್ಲ?”

“ದೊಡ್ಡ ಸೆಟ್ಟು ಅಂದ್ರೆ ಹಾಗೇ ಕಣೆ,” ಎಂದು ಅದಕ್ಕೊಂದು ಟವೆಲ್ಲು ಹೊದಿಸಿದೆ.

ಪರೀಕ್ಷೆ ನಡೆಯಿತು. ಆಸ್ಪತ್ರೆಯ ಮೂರೂ ದಿನ ನನ್ನ ಪಾಳಿಗೇ ಬಿದ್ದವು. ಶನಿವಾರ ಸಂಜೆ ಒಬ್ಬನೇ ಹೋಗಿ ಟವೆಲ್ಲು ಎತ್ತಿ ನೋಡಿದೆ. ಎರಡನೇ ಚಾಲಕಿ, ಎಂಭತ್ತೆಂಟು. ಒಂದನೇ ಚಾಲಕ, ನಲವತ್ತೊಂದು. ಒಂದನೇ ಚಾಲಕ ನಾನು.

“ಎಷ್ಟು ಬಂತು?” ಎಂದಳು.

“ಡಬ್ಬಿ ಇನ್ನೂ ಕಲೀತಾ ಇದೆ,” ಎಂದೆ. ಅವಳು ಇಣುಕಿ ನೋಡಿಯಾಳೆಂದು ಭಾನುವಾರವಿಡೀ ಕೀಯನ್ನು ನನ್ನ ಜೇಬಿನಿಂದ ಕದಲಿಸಲಿಲ್ಲ. ಕಾರೂ ಕದಲಲಿಲ್ಲ.

ಸೋಮವಾರ ಆರೂಕಾಲು. ಮಾವನವರು ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಕೀ ತಿರುಗಿಸಿದೆ. ‘ಟಿಕ್’ ಎಂದಿತು. ಮತ್ತೆ ತಿರುಗಿಸಿದೆ. ಅಷ್ಟೂ ಅನ್ನಲಿಲ್ಲ. ಅವರ ಕಾಲು ಊದಿಕೊಂಡಿತ್ತು. ಒಂದು ಸರದಿ ತಪ್ಪಿದರೆ ಉಸಿರಾಡಲು ಕಷ್ಟಪಡುತ್ತಾರೆ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆಂಡತಿ ಪಕ್ಕದ ಬೀದಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಆತ ಬೇರೆ ಬ್ಯಾಟರಿ ತಂದು ಕೇಬಲ್ ಹಾಕಿ ಗಾಡಿ ಸ್ಟಾರ್ಟ್ ಮಾಡಿದ. ಆಮೇಲೆ ಸೆಟ್ಟನ್ನು ಹೊರಗೆಳೆದು, ಚೀಟಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದ.

“ಅಯ್ಯೋ ಸಾರ್, ಮಾವನ್ನ ತಂದು ಅತ್ತೆಗೆ ಕಟ್ಟಿದೀರಲ್ಲ!”

ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಮೆಟ್ಟಿಲಿಳಿದು ಬಂದರು.

“ಅತ್ತೆ ಯಾವಾಗ್ಲೂ ಎಚ್ಚರ ಇರೋರು. ಮಾವ ಕೀ ತೆಗೆದ್ರೆ ಮಲಗ್ಬೇಕು. ಹಿಂಗೆ ಕಟ್ಟಿದ್ರೆ ಪಾಪ ಅವರಿಗೆ ನಿದ್ದೆ ಎಲ್ಲಿ ಬರುತ್ತೆ? ಅದಕ್ಕೇ ಬ್ಯಾಟರಿ ಸತ್ತಿರೋದು.”

“ನನ್ನಿಂದ ಬ್ಯಾಟರಿ ಸತ್ತಿತಂತಾ ಅಳಿಯಂದಿರೇ?” ಎಂದರು ಅತ್ತೆಯವರು, ಬಹಳ ಮೆತ್ತಗೆ.

“ಮತ್ತೆ ಈ ಹೆಂಡತಿ... ಇದನ್ನ ಕಾಟಾಚಾರಕ್ಕೆ ಸಿಕ್ಕಿಸಿದೀರಿ ಸಾರ್. ಇದು ಗಟ್ಟಿಯಾಗಿದ್ರೇನೇ ಮಿಕ್ಕಿದ್ದೆಲ್ಲ ನಡೆಯೋದು.” ಪರದೆ ಒತ್ತಿದ. “ನಲವತ್ತೊಂದು ಯಾರದು? ಕ್ಲಚ್ ಸುಟ್ಟಿದ್ದು ಇವರೇ ಇರಬೇಕು.”

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹೆಂಡತಿ ಕೈ ಚಾಚಿದಳು. “ಇಳೀರಿ,” ಎಂದಳು. ಕೀಯನ್ನು ಕಾರಿನಲ್ಲೇ ಬಿಟ್ಟು ಇಳಿದೆ. ನನಗೆ ನಾಚಿಕೆಯಾಗಿತ್ತು.

ಆಗ ಮಾವನವರು ಮೊದಲ ಬಾರಿಗೆ ಬಾಯಿ ಬಿಟ್ಟರು. “ಅಳಿಯಂದಿರೇ, ನಿಮ್ಮ ಹತ್ರ ಇನ್ನೊಂದು ಚೀಟಿ ಇದ್ಯಾ?”

(ನನ್ನ ಹತ್ತಿರ ಇಲ್ಲದಿರುತ್ತದೆಯೇ?) ಕೊಟ್ಟೆ, ಪೆನ್ನನ್ನೂ ಕೊಟ್ಟೆ. ಸೂಜಿ ಚುಚ್ಚಿಸಿಕೊಂಡು ಗಂಟುಗಟ್ಟಿದ ಕೈಯಲ್ಲಿ ನಿಧಾನವಾಗಿ ಏನೋ ಬರೆದು ಮೆಕ್ಯಾನಿಕ್‌ಗೆ ದಾಟಿಸಿ, ಅವನ ಕಿವಿಯಲ್ಲಿ ಏನೋ ಹೇಳಿದರು. ಆತ ಅದನ್ನೆಲ್ಲೋ ಒಳಗೆ ಕಟ್ಟಿ, ಮಿಕ್ಕ ವೈರುಗಳನ್ನೂ ಸರಿಮಾಡಿ ಸೆಟ್ಟನ್ನು ಕೂರಿಸಿದ. ಕಾರು ಜರ್ಕಿಲ್ಲದೆ ಹೊರಟಿತು. ಏಳಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ತಲುಪಿತಂತೆ. ನಾನು ಲೈಬ್ರರಿಗೆ ನಡೆದೇ ಹೋದೆ.

ಹನ್ನೆರಡೂಕಾಲಿಗೆ ಮನೆಗೆ ಫೋನ್ ಮಾಡಿದೆ. “ಅಪ್ಪ ಊಟ ಮಾಡಿ ಮಲಗಿದಾರೆ, ಮೆಲ್ಲಗೆ ಮಾತಾಡಿ,” ಎಂದಳು. ಡಯಾಲಿಸಿಸ್ ಶುರುವಾದ ಮೂರು ತಿಂಗಳಲ್ಲಿ, ಆಸ್ಪತ್ರೆಯ ದಿನ ಆ ಹೊತ್ತಿಗೆ ಅವರು ತಮ್ಮ ಹಾಸಿಗೆ ಕಂಡಿದ್ದು ಅದೇ ಮೊದಲು. ಮೆಲ್ಲಗೆ ಫೋನ್ ಇಟ್ಟೆ.

ಸಂಜೆ ದಾರಿಯಲ್ಲಿ ಮೆಕ್ಯಾನಿಕ್ ಸಿಕ್ಕಿದ. ಆ ಚೀಟಿಯಲ್ಲಿ ಏನಿತ್ತೆಂದು ಕೇಳಿದೆ.

“‘ಅಳಿಯಂದಿರು’ ಅಂತಿತ್ತು ಸಾರ್. ನೀಲಿ ವೈರಿಗೆ ಕಟ್ಟೋಕೆ ಹೇಳಿದ್ರು.”

“ಅದಕ್ಕೆ ಏನು ಕೆಲಸ?”

“ನಿಮ್ಮ ಗಾಡೀಲಿ ಅದಕ್ಕೆ ಕೆಲಸ ಏನಿಲ್ಲ ಸಾರ್. ಆದ್ರೆ ಸುಮ್ನೆ ಬಿಟ್ರೆ ಎಲ್ಲೋ ತಗುಲಿ ಫ್ಯೂಸ್ ಸುಡುತ್ತೆ. ಅದಕ್ಕೇ ಬಾಯಿಗೆ ಟೇಪ್ ಸುತ್ತಿ ಒಳಗಿಟ್ಟಿದೀನಿ.”