ಮಾಮಾನ ಬಂದೂಕಿಗೆ ಒಂದು ಹಿಡಿ ಹೆಸರುಕಾಳು

ನಮ್ಮ ಮಾಮಾ ಬಂದೂಕು ಹೆಗಲಿಗೇರಿಸಿ ಹೊರಟರೆ ನಮ್ಮ ನಿಗಡಿ ಬಡಾವಣೆಯ ಒಂದು ಕಾಗೆಯೂ ಕತ್ತೆತ್ತಿ ನೋಡುವುದಿಲ್ಲ. ಅವಕ್ಕೂ ಗೊತ್ತು, ಈ ಮನುಷ್ಯನ ವೈರವೇನಿದ್ದರೂ ತಗಡಿನ ಕಾಗೆಯ ಜೊತೆ ಮಾತ್ರ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ವಿಜಯಪುರದಿಂದ ಬಂದು, ಈ ಮರಾಠಿ ಸೀಮೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ನಟ್ಟು ಬೋಲ್ಟು ತೂಗಿ ತೂಗಿ ನಿವೃತ್ತರಾದವರು. ನಿವೃತ್ತರಾದವರು ಏನು ಮಾಡುತ್ತಾರೆ? ವಾಕಿಂಗ್ ಹೋಗುತ್ತಾರೆ, ಹೆಚ್ಚೆಂದರೆ ಭಜನಾ ಮಂಡಳಿ ಸೇರುತ್ತಾರೆ. ಇವರು ಏರ್‌ಗನ್ ಕೊಂಡರು! ದೇಹೂ ರೋಡಿನ ಆಚೆ ಗುಡ್ಡದ ಬುಡದಲ್ಲಿ ಭಾನುವಾರ ಈ ಆಟ ನಡೆಯುತ್ತದೆ. ಹುಲ್ಲಿನ ನಡುವೆ ತಗಡಿನ ಇಲಿ, ಮೊಲ, ಕಾಗೆಗಳನ್ನು ನಿಲ್ಲಿಸಿರುತ್ತಾರೆ. ಪ್ರತಿಯೊಂದರ ಎದೆಯಲ್ಲೂ ರೂಪಾಯಿ ನಾಣ್ಯದಷ್ಟು ತೂತು. ಗುಂಡು ಆ ತೂತಿನೊಳಗೆ ಹೊಕ್ಕರೆ ಪ್ರಾಣಿ ಮಗುಚಿ ಬೀಳುತ್ತದೆ. ಅಕ್ಕಪಕ್ಕ ತಗಲಿದರೆ "ಠಣ್" ಎಂದು ಅಣಕಿಸಿ ನಿಂತೇ ಇರುತ್ತದೆ. ಬಿದ್ದದ್ದನ್ನು ಹೊಡೆದವರೇ ದೂರದಿಂದ ಉದ್ದನೆಯ ಹಗ್ಗ ಎಳೆದು ಮತ್ತೆ ನಿಲ್ಲಿಸಬೇಕು.

ಕೂತು ಹೊಡೆಯುವುದರಲ್ಲಿ ಮಾಮಾ ಗಟ್ಟಿಗರು. ಆದರೆ ಒಂದು ಕಾಗೆಯನ್ನು ನಿಂತೇ ಹೊಡೆಯಬೇಕೆಂಬ ನಿಯಮವಿದೆ. ನಾಲ್ಕು ವರ್ಷದಿಂದ ಆ ಕಾಗೆ ಮಾಮಾನ ಕೈಯಲ್ಲಿ ಒಮ್ಮೆಯೂ ಬಿದ್ದಿಲ್ಲ.

"ಅದನ್ನ ಬೀಳಿಸದ ನಾ ಈ ಬಂದೂಕು ಕೆಳಗ ಇಡೂದಿಲ್ಲ" ಎಂದು ಪ್ರತಿಜ್ಞೆ ಮಾಡಿದರು. "ಎಲ್ಲಾ ಬಂದೂಕಿನ ತೂಕದ್ದ ತಪ್ಪು ಅದ ನೋಡು. ತೂಕ ಸರಿಹೋತಂದ್ರ ಕಾಗಿ ಬಿತ್ತಂತನ ತಿಳಿ."

"ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ" ಎಂದು ಮಾಮಿ ಅಡುಗೆಮನೆಯಿಂದಲೇ ಗುಂಡು ಹಾರಿಸಿದರು. ಅದು ಮಾತ್ರ ನೇರ ತೂತಿನೊಳಗೇ ಹೊಕ್ಕಿತು!

ಅಂದಿನಿಂದ ಶುರುವಾಯಿತು ತೂಕದ ತಪಸ್ಸು. ಸೂಟ್‌ಕೇಸ್ ತೂಗುವ ಕೊಕ್ಕೆಯ ಕಾಟಾ ಬಾಗಿಲಿಗೆ ನೇತುಬಿತ್ತು, ಬಂದೂಕು ಅದಕ್ಕೆ ನೇತುಬಿತ್ತು. ಹಿಡಿಕೆಗೆ ಕಬ್ಬಿಣದ ತುಂಡು ಬಿಗಿದು ಆರು ಕಿಲೋ ಮಾಡಿದರು. ಕೂತಾಗ ಮೊಣಕಾಲ ಮೇಲೆ ಅದು ಒರಳುಕಲ್ಲಿನಂತೆ ಅಲುಗಾಡದೆ ಕೂತಿತು. ನಿಂತಾಗ ಎರಡೇ ನಿಮಿಷಕ್ಕೆ ತೋಳು ಸೋತು ನಳಿಗೆ ನೆಲ ನೋಡಿತು. ಸರಿ, ಎಲ್ಲ ಬಿಚ್ಚಿ ನಾಲ್ಕು ಕಿಲೋಗೆ ಇಳಿಸಿದರು. ಈಗ ತೋಳಿಗೆ ಹಗುರ, ಆದರೆ ಉಸಿರೆಳೆದರೂ ನಳಿಗೆ ಕುಣಿಯತೊಡಗಿತು. "ಎದಿ ಬಡಿಯೂದು ಸೈತ ತುದಿಗೆ ಕಾಣ್ತದ!" ಎಂದು ಗೊಣಗಿದರು. ತೋಳು ಗಟ್ಟಿಯಾಗಲೆಂದು ಕುಕ್ಕರನ್ನು ಮುಂದೆ ಚಾಚಿ ಹಿಡಿದು ನಿಲ್ಲುವ ವ್ಯಾಯಾಮ ಬೇರೆ.

"ರೀ, ಅದರಾಗ ಬ್ಯಾಳಿ ಅದ. ನೀವು ಹಿಡಕೊಂಡು ನಿಂತ್ರ ಕುದೀತದೇನು?"

ಕಬ್ಬಿಣದ ತುಂಡುಗಳ ಒಂದು ಹೆಚ್ಚು, ಒಂದು ಕಡಿಮೆಯ ಕಾಟಕ್ಕೆ ಬೇಸತ್ತು ಮಾಮಾ ಕೊನೆಗೆ ಮಾಮಿಯ ಡಬ್ಬಿಗೆ ಕೈಹಾಕಿದರು. ಹೆಸರುಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಂದೂಕಿನ ಹೊಟ್ಟೆಗೆ ಬಿಗಿದರು! ಕಾಳಾದರೆ ಬೇಕೆಂದಾಗ ಒಂದು ಹಿಡಿ ಹಾಕಬಹುದು, ಒಂದು ಚಿಟಿಕೆ ತೆಗೆಯಬಹುದು. ಆಟದ ನಿಯಮಗಳಲ್ಲಿ ಹೆಸರುಕಾಳಿಗೆ ಅಡ್ಡಿ ಎಲ್ಲಿದೆ?

ಅಡ್ಡಿ ಬಂದದ್ದು ಮಳೆಯಿಂದ. ಜುಲೈನ ಒಂದು ಭಾನುವಾರ ಬಂದೂಕು ತೊಯ್ದಿತು. ಮಾಮಾ ಅದನ್ನು ಹಾಗೇ ಚೀಲದಲ್ಲಿಟ್ಟು ಮರೆತರು. ಒದ್ದೆ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಏನಾಗುತ್ತದೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರಾದರೂ ಹೇಳಿಕೊಡಬೇಕೆ? ಬುಧವಾರ ಚೀಲ ತೆರೆದರೆ ಬಂದೂಕು ಮೊಳಕೆಯೊಡೆದಿತ್ತು! ಮಾಮಿ ಗಂಟು ಬಿಚ್ಚಿ, ತೊಳೆದು, ಒಗ್ಗರಣೆ ಹಾಕಿದರು. ಮದ್ದುಗುಂಡು ತಿಂದ ಭಾಗ್ಯ ನಮ್ಮದು. ಮಾಮಾ ಅದನ್ನೇ ರೊಟ್ಟಿಯ ಜೊತೆ ತಿನ್ನುತ್ತ, "ಮೊಳಕಿ ಬಂದ್ರ ತೂಕ ಹೆಚ್ಚಾಗ್ತದ, ಇದು ನನಗ ಹೊಳಿಲೇ ಇಲ್ಲ ನೋಡು" ಎಂದರು.

ಅದೇ ದಿನ ನಾನು ಪಾತ್ರೆ ಒರೆಸುತ್ತಿದ್ದಾಗ ಮಾಮಿ ಮೆಲ್ಲಗೆ ಕೇಳಿದರು. "ಚಹಾದ ಬಸಿ ಎಷ್ಟು ತೂಕ ಇರ್ತದವಾ?"

ನನಗೆ ತಿಳಿಯಲಿಲ್ಲ. ಅವರು ಹೊರಗಿನ ಕೋಣೆಯ ಕಡೆ ಕಣ್ಣು ತೋರಿದರು. ಮಾಮಾ ಚಹಾ ಕುಡಿಯುತ್ತಿದ್ದರು. ಎಡಗೈಯಲ್ಲಿದ್ದ ಬಸಿ, ಅದೇ ಸಾಸರು, ಕಪ್ಪಿಗೆ ತಾಗಿ ಕಟಕಟ ಎನ್ನುತ್ತಿತ್ತು. ನಾನು ನೋಡುತ್ತಿರುವುದು ಕಂಡೊಡನೆ ಬಸಿ ಕೆಳಗಿಟ್ಟು ಕೈಯನ್ನು ಜೇಬಿಗೆ ತುರುಕಿದರು. ಹೌದಲ್ಲ, ಈಚೆಗೆ ಆ ಕೈ ಸದಾ ಜೇಬಿನಲ್ಲೇ ಇರುತ್ತಿತ್ತು!

"ಡಾಕ್ಟರು ಹೇಳ್ಯಾರ, ಈ ನಡುಕ ಹೋಗೂದಲ್ಲ ಅಂತ. ನನಗ ಗೊತ್ತದ ಅನ್ನೂದು ನಿಮ್ಮ ಮಾಮಾಗ ಗೊತ್ತಿಲ್ಲ" ಎಂದರು ಮಾಮಿ. ಕುಣಿಯಲಾರದವಳ ಗಾದೆಯನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಡಿಸೆಂಬರಿನ ಪಂದ್ಯದ ಬೆಳಿಗ್ಗೆ ಕಾಟಾ ಬಾಗಿಲಿಗೆ ನೇತುಬೀಳಲಿಲ್ಲ. ಮಾಮಿಯೇ ಡಬ್ಬಿಯಿಂದ ಒಂದು ಹಿಡಿ ಒಣ ಕಾಳು ತೆಗೆದು ಗಂಟು ಕಟ್ಟಿಕೊಟ್ಟರು. "ಇಷ್ಟು ಸಾಕ್ರಿ. ತೂಕ ಸರಿ ಅದ."

ಮಾಮಾ ಅವರನ್ನೇ ಒಂದು ಗಳಿಗೆ ನೋಡಿದರು. "ಸರಿ ಅದ" ಎಂದರು.

ಕಾಗೆಯ ಸರದಿ ಬಂತು. ಮಾಮಾ ನಿಂತರು. ನಳಿಗೆ ನಡುಗುತ್ತಿತ್ತು, ಎಲ್ಲರಿಗೂ ಕಾಣುವಂತೆ. ಬಗಲಲ್ಲಿದ್ದ ನನಗಷ್ಟೇ ಕೇಳುವಂತೆ ಹೇಳಿದರು. "ನಡುಗೂದು ನಡುಗಲಿ. ತೂತಿನ ಮುಂದ ಹಾದು ಹೋಗೇ ಹೋಗ್ತದ. ಆವಾಗ ಹೊಡೀತೀನಿ." ಕಾದರು. ಮತ್ತೂ ಕಾದರು. ಟಪ್ ಎಂದಿತು. ಠಣ್ ಎನ್ನಲಿಲ್ಲ. ಕಾಗೆ ಮಗುಚಿ ಬಿತ್ತು!

ಹಿಂದೆ ಸರದಿಗೆ ನಿಂತಿದ್ದ ಮರಾಠಿ ಗೃಹಸ್ಥರು, "ಕಾಕಾ, ದೋರಿ ಓಢಾ ನಾ" ಎಂದು ಹಗ್ಗ ಎಳೆಯುವಂತೆ ಅದರ ಕಡೆ ಬೆರಳು ಮಾಡಿದರು.

"ಥಾಂಬಾ ಜರಾ" ಎಂದು ಅವರನ್ನು ತಡೆದರು ಮಾಮಾ. ಮತ್ತೆ ನನಗೆ, "ನಿಮ್ಮ ಮಾಮೀನ್ನ ಕರಕೊಂಡ ಬಾ. ಆಕಿ ನೋಡಲಿ, ಆಮ್ಯಾಲೆ ನಿಲ್ಲಸ್ತೀನಿ."

ಮಂಡಿನೋವೆಂದು ಕಾರಿನ ಬಳಿಯೇ ಉಳಿದಿದ್ದ ಮಾಮಿ ಕಲ್ಲುಹಾದಿಯಲ್ಲಿ ನಡೆದು ಬರುವವರೆಗೆ ಇಡೀ ಸಾಲು ಕಾದು ನಿಂತಿತು. ಮಾಮಿ ಬಂದರು, ಕಣ್ಣು ಕಿರಿದು ಮಾಡಿ ಹುಲ್ಲಿನತ್ತ ನೋಡಿದರು. "ಬಿದ್ದದರೀ" ಎಂದರು.

ಮಾಮಾ ಹಗ್ಗಕ್ಕೆ ಎಡಗೈ ಚಾಚಿದರು. ಅಷ್ಟು ಜನರೆದುರು ಅದು ನಡುಗುತ್ತಲೇ ಇತ್ತು. ಈ ಸಲ ಅವರು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ.